ಹಳೆಯ ಮನೆಯ ವೈರಿಂಗ್: ಯಾರನ್ನು ಕರೆಯಬೇಕು, ಏನನ್ನು ಕೇಳಬೇಕು?

ಹಳೆಯ ಮನೆಗಳ ವಿದ್ಯುತ್ ವ್ಯವಸ್ಥೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಳ್ಳಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆ 1974ರಲ್ಲಿ ಮಾವನವರು ಕಟ್ಟಿಸಿದ್ದು. ಮುಂಭಾಗಕ್ಕೆ ಮದ್ರಾಸ್ ತಾರಸಿ, ಹಿಂದಿನ ಅಡುಗೆಮನೆ ಮತ್ತು ಬಚ್ಚಲಿಗೆ ಆರ್‌ಸಿಸಿ. ವೈರುಗಳೆಲ್ಲ ಗೋಡೆಯ ಮೇಲಿನ ಮರದ ಪಟ್ಟಿಯಲ್ಲಿವೆ. ಮೀಟರಿನ ಪಕ್ಕದಲ್ಲಿ ಪಿಂಗಾಣಿಯ ಫ್ಯೂಸ್‌ಗಳಿವೆ. ಈಗ ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್ ಬಂದಿವೆ, ಮಗ ಎ.ಸಿ. ಹಾಕಿಸೋಣ ಎನ್ನುತ್ತಿದ್ದಾನೆ. ಮೂವರು ಎಲೆಕ್ಟ್ರಿಷಿಯನ್‌ಗಳನ್ನು ವಿಚಾರಿಸಿದೆವು. ಒಬ್ಬರು ಫ್ಯೂಸ್ ತೆಗೆದು ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್) ಕೂರಿಸಿದರೆ ಸಾಕು ಎಂದರು. ಇನ್ನೊಬ್ಬರು ಇಡೀ ಮನೆಯ ವೈರ್ ಬದಲಿಸಬೇಕು ಎಂದರು. ಮೂರನೆಯವರು ಮನೆಗೆ ಬಾರದೆ ಫೋನಿನಲ್ಲೇ ದರ ಹೇಳಿದರು. ಯಾರ ಮಾತನ್ನು ನಂಬುವುದು?
— ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ಮೂರನೆಯವರನ್ನು ಮರೆತುಬಿಡಿ. ಉಳಿದ ಇಬ್ಬರಲ್ಲಿ ಎರಡನೆಯವರ ತೀರ್ಮಾನ ಸರಿಯಿರುವ ಸಂಭವ ಹೆಚ್ಚು. ಆದರೆ ಅವರು ಯಾವ ಪರೀಕ್ಷೆ ಮಾಡಿ ಆ ಮಾತು ಹೇಳಿದರು ಎಂಬುದು ನಿಮ್ಮ ಪತ್ರದಲ್ಲಿಲ್ಲ. ಬೋರ್ಡ್ ಬಿಚ್ಚದೆ, ಉಪಕರಣ ಹಚ್ಚದೆ ಹೇಳಿದ್ದರೆ ಅದೂ ಊಹೆಯೇ, ಸರಿಯಾದ ಊಹೆ ಅಷ್ಟೆ.

ನಿಮ್ಮ ಮನೆಯಲ್ಲಿ ಇರಬಹುದಾದದ್ದನ್ನು ಮೊದಲು ನೋಡೋಣ. ಆ ಕಾಲದ ಮನೆಗಳಲ್ಲಿ ದೀಪ ಮತ್ತು ಫ್ಯಾನಿನ ಪಾಯಿಂಟುಗಳಿಗೆ 1/18 ಅಥವಾ 3/22 ವೈರ್, ಇಸ್ತ್ರಿಪೆಟ್ಟಿಗೆಯಂಥವುಗಳಿಗೆ 3/20 ವೈರ್ ಎಳೆಯುತ್ತಿದ್ದರು. ಹಳಬರಾದ ವೈರ್‌ಮನ್‌ಗಳು ಈಗಲೂ ಇದೇ ಲೆಕ್ಕದಲ್ಲಿ ಮಾತನಾಡುತ್ತಾರೆ. 3/20 ಎಂದರೆ 20 ಗೇಜಿನ ಮೂರು ಎಳೆ. ತಾಮ್ರದ ದಪ್ಪ ಸುಮಾರು 2 ಚದರ ಮಿಲಿಮೀಟರ್. 1/18 ಸುಮಾರು 1.2 ಚದರ ಮಿಲಿಮೀಟರ್ ಆಗುತ್ತದೆ. ಎಪ್ಪತ್ತರ ದಶಕದ ಅನೇಕ ಮನೆಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ವೈರ್ ಬಳಸಿದ್ದೂ ಉಂಟು. ನಾಲ್ಕಾರು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ ಇದ್ದ ಸಂಸಾರಕ್ಕೆ ಇದು ಸಾಕಾಗಿತ್ತು. ಮರದ ಪಟ್ಟಿಯ ಮೇಲಿನ ವೈರಿನ ಹೊದಿಕೆ ರಬ್ಬರಿನದಾಗಿದ್ದರೆ ಇಷ್ಟು ಹೊತ್ತಿಗೆ ಅದು ಒಣಗಿ ಗಡುಸಾಗಿರುತ್ತದೆ. ಮೆಯಿನ್ ಆಫ್ ಮಾಡಿಸಿ ಯಾವುದಾದರೂ ಬಲ್ಬ್ ಹೋಲ್ಡರಿನ ಮೇಲಿನ ಸೀಲಿಂಗ್ ರೋಸನ್ನು ಬಿಚ್ಚಿಸಿ ನೋಡಿ. ವೈರನ್ನು ಸ್ವಲ್ಪ ಬಗ್ಗಿಸಿದೊಡನೆ ಹೊದಿಕೆ ಕಪ್ಪು ಪುಡಿಯಾಗಿ ಉದುರಿದರೆ ಆ ಮನೆಯ ವೈರಿಂಗಿನ ಆಯುಷ್ಯ ಮುಗಿದಿದೆ. ಪಟ್ಟಿಯ ಮಧ್ಯಭಾಗದಲ್ಲಿ ವೈರು ಚೆನ್ನಾಗಿಯೇ ಕಾಣಬಹುದು. ಕೆಡುವುದು ಬಿಸಿ ಹೆಚ್ಚಿರುವ ತುದಿಗಳಲ್ಲಿ ಮತ್ತು ಜೋಡಣೆಗಳಲ್ಲಿ. ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರನ್ನು ಹೆಣೆದು ಟೇಪ್ ಸುತ್ತಿದ ಜಾಗ ಇದ್ದರಂತೂ ಅದೇ ಮೊದಲು ಸಡಿಲವಾಗಿ ಕಾಯುವ ಜಾಗ.

ಇನ್ನು ಹೊರೆಯ ಲೆಕ್ಕ. ನಮ್ಮಲ್ಲಿ ಮನೆಗೆ ಬರುವ ಒತ್ತಡ 230 ವೋಲ್ಟ್. 2,000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಪೂರ್ತಿ ಉರಿಯಲ್ಲಿಟ್ಟ ಇಂಡಕ್ಷನ್ ಒಲೆಯೂ ಅಷ್ಟೇ. ನೀರು ಕಾಯಿಸಿಕೊಳ್ಳುವ ಬಗೆಯ ವಾಷಿಂಗ್ ಮಷಿನ್ ಕೂಡ ಆ ಹೊತ್ತಿನಲ್ಲಿ ಅದಕ್ಕೆ ಹತ್ತಿರವೇ. ಬೆಳಗಿನ ಏಳು ಗಂಟೆಗೆ ಮೂರೂ ಒಟ್ಟಿಗೆ ನಡೆದರೆ 26 ಆಂಪಿಯರ್. ಒಂದೂವರೆ ಟನ್ನಿನ ಎ.ಸಿ. ಸೇರಿದರೆ ಇನ್ನೂ ಏಳೆಂಟು. ಅಂದಿನ ಮನೆಯೊಳಗಿನ ಮುಖ್ಯ ವೈರನ್ನು ಇಷ್ಟು ಹೊರೆಯನ್ನು ಎಣಿಸಿ ಹಾಕಿರಲಿಲ್ಲ. ನಿಮ್ಮ ಪಿಂಗಾಣಿ ಫ್ಯೂಸ್‌ಗಳು ಇಷ್ಟು ದಿನ ಸುಟ್ಟುಹೋಗದೆ ಸುಮ್ಮನಿವೆ ಎಂದರೆ, ಯಾರೋ ಎಂದೋ ಫ್ಯೂಸ್ ತಂತಿಯ ಬದಲು ವೈರಿನ ಒಂದೆರಡು ಎಳೆ ತಾಮ್ರವನ್ನು ಸುತ್ತಿದ್ದಾರೆಯೇ ಎಂದು ಒಮ್ಮೆ ನೋಡಿಸಿ.

ಈಗ ಮೊದಲನೆಯವರ ಸಲಹೆಗೆ ಬರೋಣ. ಎಂಸಿಬಿ ಇರುವುದು ಗೋಡೆಯಲ್ಲಿರುವ ವೈರನ್ನು ಕಾಯಲು. ವೈರು ಹೊರಬಲ್ಲಷ್ಟಕ್ಕಿಂತ ದೊಡ್ಡ ಎಂಸಿಬಿ ಹಾಕಿದರೆ ವೈರು ಕಾದು ಕರಗುವವರೆಗೂ ಅದು ಬೀಳುವುದಿಲ್ಲ, ಅಂದರೆ ತಾನಾಗಿ ಆಫ್ ಆಗುವುದಿಲ್ಲ. 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20ರಿಂದ 25 ಆಂಪಿಯರಿನ ಎಂಸಿಬಿ ಎಂಬುದು ಮನೆಗಳಲ್ಲಿ ನಡೆದುಬಂದಿರುವ ಸುರಕ್ಷಿತ ಲೆಕ್ಕ. ಪದೇ ಪದೇ ಬೀಳುತ್ತದೆ ಎಂದು ದೂರಿದಾಗ 16ನ್ನು ಕಿತ್ತು 32ನ್ನು ಕೂರಿಸುವ ಎಲೆಕ್ಟ್ರಿಷಿಯನ್‌ಗೆ ಕೂಲಿ ಕೊಟ್ಟು ಕಳುಹಿಸಿ, ಮತ್ತೆ ಕರೆಯಬೇಡಿ. ಇನ್ನೊಂದು ಅಪಾಯ ಹಳೆಯ ಬೋರ್ಡುಗಳಲ್ಲಿ ಅಡಗಿರುತ್ತದೆ. ಅವುಗಳಲ್ಲಿ ಫೇಸಿಗೊಂದು (ಕರೆಂಟ್ ತರುವ ವೈರು), ನ್ಯೂಟ್ರಲ್‌ಗೊಂದು (ಅದು ಹಿಂತಿರುಗುವ ವೈರು) ಎಂದು ಎರಡು ಫ್ಯೂಸ್ ಇರುವುದು ಸಾಮಾನ್ಯ. ನ್ಯೂಟ್ರಲ್ಲಿನದು ಸುಟ್ಟರೆ ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಕರೆಂಟ್ ಹೋಯಿತೆಂದು ನಾವು ಭಾವಿಸುತ್ತೇವೆ. ಆದರೆ ವೈರಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಆ ಫ್ಯೂಸನ್ನು ತೆಗೆದು ನ್ಯೂಟ್ರಲ್ಲಿಗೆ ನೇರ ಲಿಂಕ್ ಹಾಕದೆ ಪಕ್ಕದಲ್ಲಿ ಎಂಸಿಬಿ ಕೂರಿಸಿದರೆ ಏನೂ ಸುಧಾರಿಸಿದಂತಾಗುವುದಿಲ್ಲ.

ಯಾರನ್ನು ಕರೆಯಬೇಕೆಂಬುದಕ್ಕೆ ಕಾನೂನಿನಲ್ಲೇ ಉತ್ತರವಿದೆ, ಬಹಳ ಜನರಿಗೆ ತಿಳಿದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮೊದಲು 2010ರಲ್ಲಿ ಬಂದವು; ಅವುಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟು, ಗ್ರಾಹಕರ ಮನೆಯ ವೈರಿಂಗಿನಲ್ಲಿ ಹೊಸದಾಗಿ ಸೇರಿಸುವ, ಮಾರ್ಪಡಿಸುವ ಅಥವಾ ದುರಸ್ತಿ ಮಾಡುವ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕು. ಅರ್ಹತಾ ಪತ್ರವಿರುವ ಮೇಲ್ವಿಚಾರಕರು ನೋಡಿಕೊಳ್ಳಬೇಕು, ಪರ್ಮಿಟ್ ಇರುವವರು ಕೈಯಾರೆ ಕೆಲಸ ಮಾಡಬೇಕು. ನಮ್ಮ ರಾಜ್ಯದಲ್ಲಿ ಈ ಪರವಾನಗಿ ಮತ್ತು ಪರ್ಮಿಟ್‌ಗಳ ಉಸ್ತುವಾರಿ ವಿದ್ಯುತ್ ಪರಿವೀಕ್ಷಣಾಲಯದ್ದು. ಆದ್ದರಿಂದ ಪರವಾನಗಿ ಪತ್ರದ ಪ್ರತಿಯನ್ನು ಕೇಳುವುದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ಅದು ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿ. ನಿಮ್ಮ ಬೀದಿಯ ಹುಡುಗ ಐಟಿಐ ಓದಿರಬಹುದು, ಕೈ ಬಹಳ ಚುರುಕಾಗಿಯೂ ಇರಬಹುದು. ಅವನೇ ಕೆಲಸ ಮಾಡಲಿ, ಆದರೆ ಪರವಾನಗಿ ಇರುವವರ ಕೈಕೆಳಗೆ ಮಾಡಲಿ. ಇದರಲ್ಲಿ ನಿಮಗೊಂದು ವ್ಯಾವಹಾರಿಕ ಲಾಭವೂ ಇದೆ. ಕೆಲಸ ಮುಗಿದ ಮೇಲೆ ವೈರಿಂಗ್ ನಕ್ಷೆ ಮತ್ತು ಪರೀಕ್ಷಾ ವರದಿಗೆ ಸಹಿ ಹಾಕಿ ಕೊಡಬಲ್ಲವರು ಅವರೇ. ಲೋಡ್ ಹೆಚ್ಚಿಸಲು ವಿದ್ಯುತ್ ನಿಗಮದ ಕಚೇರಿಗೆ ಹೋದಾಗ ಆ ಕಾಗದಗಳನ್ನು ಕೇಳುತ್ತಾರೆ.

ಬಂದವರು ಟೆಸ್ಟರ್ ಮತ್ತು ಕಟಿಂಗ್ ಪ್ಲೇಯರ್ ಮಾತ್ರ ತಂದಿದ್ದರೆ ಅಂದಾಜು ಪಟ್ಟಿಯನ್ನು ತೆಗೆದುಕೊಳ್ಳಬೇಡಿ. ಹಳೆಯ ಮನೆಗೆ ದರ ಹೇಳುವ ಮೊದಲು ಮೆಗ್ಗರ್ ಹಚ್ಚಲೇಬೇಕು. ಅದು ವೈರಿನ ಮೇಲೆ 500 ವೋಲ್ಟ್ ಡಿ.ಸಿ. ಒತ್ತಡ ಹಾಕಿ ಹೊದಿಕೆಯ ತಡೆಯನ್ನು ಮೆಗಓಮ್‌ಗಳಲ್ಲಿ ತೋರಿಸುತ್ತದೆ. ಮೆಯಿನ್ ಆಫ್ ಮಾಡಿ, ಬಲ್ಬು, ಟಿ.ವಿ., ಫ್ರಿಜ್ ಎಲ್ಲವನ್ನೂ ಕಳಚಿ, ಒಂದೊಂದೇ ಸರ್ಕ್ಯೂಟಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆಯುತ್ತಾರೆ. ಒಂದು ಮೆಗಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟನ್ನು ಉಳಿಸಿಕೊಳ್ಳುವಂತಿಲ್ಲ. ಹೊಸ ವೈರಿನಲ್ಲಿ ಈ ಅಳತೆ ನೂರಾರು ಮೆಗಓಮ್ ಇರುತ್ತದೆ. ಈ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಇಡೀ ಮನೆ ಬದಲಿಸಬೇಕೇ, ಹಿಂದಿನ ಆರ್‌ಸಿಸಿ ಭಾಗವನ್ನು ಬಿಡಬಹುದೇ ಎಂಬ ವಾದವನ್ನು ಅವೇ ತೀರಿಸುತ್ತವೆ. ಸ್ವಿಚ್ಚು ಫೇಸಿನಲ್ಲಿದೆಯೇ ನ್ಯೂಟ್ರಲ್ಲಿನಲ್ಲಿದೆಯೇ ಎಂಬುದನ್ನೂ ಪ್ರತಿ ಪಾಯಿಂಟಿನಲ್ಲಿ ನೋಡಲಿ. ನ್ಯೂಟ್ರಲ್ಲಿನಲ್ಲಿದ್ದರೆ ಸ್ವಿಚ್ ಆರಿಸಿ ಬಲ್ಬ್ ಬದಲಿಸುವವರ ಕೈಗೆ ಹೋಲ್ಡರಿನಲ್ಲಿ ಕರೆಂಟ್ ಸಿಗುತ್ತದೆ.

ಹೊಸ ವೈರಿಂಗಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ಹಣ ಹಾಕುವುದು ಅರ್ಥಿಂಗ್ ಮತ್ತು ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸಾಧನ). ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯ ಅರ್ತ್ ಗುಂಡಿಯ ತಡೆ 5 ಓಮ್ ಇದೆಯೆಂದುಕೊಳ್ಳಿ. ಮನೆಗೆ ಇದು ಒಳ್ಳೆಯ ಅಳತೆಯೇ. ಗೀಸರಿನೊಳಗೆ ಫೇಸ್ ವೈರು ಲೋಹದ ಮೈಗೆ ತಾಗಿದರೆ ಗುಂಡಿಯ ಮೂಲಕ ಹರಿಯುವ ಕರೆಂಟ್ 230ನ್ನು 5ರಿಂದ ಭಾಗಿಸಿದಷ್ಟು, ಅಂದರೆ ಹೆಚ್ಚೆಂದರೆ 46 ಆಂಪಿಯರ್. ಆದರೆ ‘ಸಿ’ ವರ್ಗದ 16 ಆಂಪಿಯರ್ ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಬೇಕಾದರೆ ಅದಕ್ಕೆ ಐದರಿಂದ ಹತ್ತು ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 46 ಆಂಪಿಯರಿಗೆ ಅದು ಬೀಳಲು ಹಲವು ಸೆಕೆಂಡುಗಳೇ ಬೇಕು. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ ಅಪಾಯಕಾರಿ ಒತ್ತಡ ಇದ್ದೇ ಇರುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಳಹೋದ ಕರೆಂಟಿಗೂ ಹಿಂತಿರುಗಿದ ಕರೆಂಟಿಗೂ ಇರುವ ವ್ಯತ್ಯಾಸವನ್ನು ಗಮನಿಸಿ, ದೊಡ್ಡ ಸೋರಿಕೆಯಾದರೆ ಸೆಕೆಂಡಿನ ಚಿಕ್ಕ ಭಾಗದಲ್ಲಿ ಸಂಪರ್ಕ ಕಡಿಯುತ್ತದೆ. ಆರ್‌ಸಿಸಿಬಿ ಅತಿ ಹೊರೆಯನ್ನು ನೋಡಿಕೊಳ್ಳುವುದಿಲ್ಲ, ಎಂಸಿಬಿ ಸೋರಿಕೆಯನ್ನು ನೋಡಿಕೊಳ್ಳುವುದಿಲ್ಲ, ಎರಡೂ ಇರಬೇಕು. ಹೊಳೆಯುವ ಮಾಡ್ಯುಲರ್ ಸ್ವಿಚ್ಚುಗಳನ್ನು ಮುಂದಿನ ವರ್ಷ ಹಾಕಿಸಿದರೂ ನಡೆಯುತ್ತದೆ.

ಗೀಸರ್, ಎ.ಸಿ. ಮತ್ತು ಇಂಡಕ್ಷನ್ ಒಲೆಗೆ ಡಿ.ಬಿ.ಯಿಂದಲೇ (ಎಂಸಿಬಿಗಳಿರುವ ವಿತರಣಾ ಪೆಟ್ಟಿಗೆ) ಬೇರೆ ಬೇರೆ ಲೈನ್ ಎಳೆಸಿ. ಗೀಸರ್ ಮತ್ತು ಎ.ಸಿ.ಗೆ 4 ಚದರ ಮಿಲಿಮೀಟರ್, ಉಳಿದ 16 ಆಂಪಿಯರ್ ಪ್ಲಗ್‌ಗಳಿಗೆ 2.5, ದೀಪ-ಫ್ಯಾನುಗಳಿಗೆ 1.5 ಸಾಕು. ವೈರಿನ ಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು ಅಚ್ಚಾಗಿರಬೇಕು. 90 ಮೀಟರಿನ ಪೂರ್ತಿ ಸುರುಳಿಯನ್ನೇ ಕೊಂಡು ಡಬ್ಬವನ್ನು ನಿಮ್ಮೆದುರೇ ಒಡೆಸಿ. ಅರ್ತ್ ವೈರಿಗೆ ಹಸಿರು, ನ್ಯೂಟ್ರಲ್ಲಿಗೆ ಕಪ್ಪು ಎಂಬ ನಿಯಮವನ್ನು ಮನೆಯುದ್ದಕ್ಕೂ ಪಾಲಿಸಲಿ. ಉಳಿದುಹೋದ ಹಸಿರು ತುಂಡನ್ನು ಫೇಸಿಗೆ ಬಳಸಿದರೆ ಮುಂದೆ ಬರುವ ಕೆಲಸಗಾರನ ಜೀವಕ್ಕೆ ಅದು ಮುಳುವಾಗಬಹುದು.

ಮದ್ರಾಸ್ ತಾರಸಿಯ ಭಾಗದಲ್ಲಿ ಮಾತ್ರ ಒಂದು ಎಚ್ಚರಿಕೆ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಗಾರೆಯಲ್ಲಿ ಕೂರಿಸಿದ ಆ ಚಾವಣಿಯನ್ನು ಪೈಪು ಹೂಳುವುದಕ್ಕಾಗಿ ಕೊರೆಯಗೊಡಬೇಡಿ. ಗಾರೆಯ ಗೋಡೆಯೂ ಕೊರೆಯುವ ಯಂತ್ರಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಉದುರುತ್ತದೆ. ಅಲ್ಲಿ ಗೋಡೆಯ ಮೇಲೆಯೇ ಪಿವಿಸಿ ಕೇಸಿಂಗ್ ಅಥವಾ ಪೈಪು ಓಡಿಸುವುದು ವಿವೇಕ. ಬಾಗಿಲ ಚೌಕಟ್ಟಿನ ಅಂಚು ಹಿಡಿದು ಒಯ್ದು ಗೋಡೆಯ ಬಣ್ಣವನ್ನೇ ಬಳಿದರೆ ಅಷ್ಟೇನೂ ಕಣ್ಣಿಗೆ ಹೊಡೆಯುವುದಿಲ್ಲ. ಮುಂದೆ ದುರಸ್ತಿಗೂ ಅದೇ ಸುಲಭ.

ಲೋಡ್ ಐದಾರು ಕಿಲೋವ್ಯಾಟ್ ಮೀರಿದರೆ ಮೂರು ಫೇಸಿನ ಸಂಪರ್ಕದ ಪ್ರಶ್ನೆ ಏಳುತ್ತದೆ. ಹಳೆಯ ಬಿಲ್ಲಿನಲ್ಲಿ ಆರ್‌ಆರ್ ಸಂಖ್ಯೆಯ ಜತೆಗೆ ಮಂಜೂರಾದ ಲೋಡ್ ಅಚ್ಚಾಗಿರುತ್ತದೆ. ಅದನ್ನು ನೋಡಿಕೊಂಡು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗದಲ್ಲಿ ಅರ್ಜಿ ಹಾಕಿ. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಏರುವುದರಿಂದ ಬೇಕಾದಷ್ಟನ್ನೇ ಕೇಳಿ. ಮೀಟರಿನ ಸೀಲನ್ನು ನಿಮ್ಮ ಎಲೆಕ್ಟ್ರಿಷಿಯನ್ ಮುಟ್ಟುವಂತಿಲ್ಲ. ಮೀಟರ್ ಜಾಗ ಬದಲಾಗಬೇಕಿದ್ದರೆ ನಿಗಮದವರೇ ಬರಬೇಕು.

ಪ್ರಶ್ನೆ: ನಮ್ಮದು ಹಂಚಿನ ಮನೆ, ಒಳಗೆ ಹಲಗೆಯ ಮುಚ್ಚಿಗೆ. ಕಳೆದ ವರ್ಷ ಹೊಸ ಡಿ.ಬಿ. ಮತ್ತು ಆರ್‌ಸಿಸಿಬಿ ಹಾಕಿಸಿದೆವು, ವೈರ್ ಹಳೆಯದೇ ಇದೆ. ಮಳೆ ಹಿಡಿದದ್ದೇ ತಡ, ದಿನಕ್ಕೆ ನಾಲ್ಕೈದು ಸಲ ಟ್ರಿಪ್ ಆಗತೊಡಗಿತು. ಎಲೆಕ್ಟ್ರಿಷಿಯನ್ ಬಂದು ಆರ್‌ಸಿಸಿಬಿಯೇ ಸರಿಯಿಲ್ಲ ಎಂದು ಅದನ್ನು ಬೈಪಾಸ್ ಮಾಡಿಹೋದರು. ಈಗ ತೊಂದರೆಯಿಲ್ಲ. ಹಾಗೆಯೇ ಬಿಡಬಹುದೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಬಿಡಬಾರದು. ಆರ್‌ಸಿಸಿಬಿ ತನ್ನ ಕೆಲಸವನ್ನೇ ಮಾಡುತ್ತಿತ್ತು; ಮನೆಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಒಣಗಿದ ಮರದ ಮುಚ್ಚಿಗೆಯ ಮೇಲೆ ಹಳೆಯ ವೈರು ಹಾದಿರುವ ಮನೆಯಲ್ಲಿ ಸೋರಿಕೆಯನ್ನು ಕಂಡೂ ಬಿಡುವುದು ಬೆಂಕಿಯ ದೃಷ್ಟಿಯಿಂದಲೂ ತಪ್ಪು.

30 ಮಿಲಿ ಆಂಪಿಯರಿನ ಸಾಧನ ಸರಿಯಾಗಿ 30ಕ್ಕೇ ಬೀಳುತ್ತದೆ ಎಂದೇನಿಲ್ಲ. ಮಾನಕದ ಪ್ರಕಾರ ಅದು 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು; ನಡುವೆ ಎಲ್ಲಿಯಾದರೂ ಬೀಳಬಹುದು. ಮಳೆಗಾಲದಲ್ಲಿ ಅಂಗಳದ ದೀಪದ ಹೋಲ್ಡರಿನಲ್ಲಿ, ಬಚ್ಚಲಿನ ಗೀಸರಿನಲ್ಲಿ, ಕೊಟ್ಟಿಗೆಗೆ ಹೋದ ಲೈನಿನಲ್ಲಿ ಹೀಗೆ ಚಿಲ್ಲರೆ ಸೋರಿಕೆಗಳು ಕೂಡಿ 15 ಮಿಲಿ ಆಂಪಿಯರ್ ದಾಟಿದರೆ ಇಡೀ ಮನೆಗೆ ಇಟ್ಟ ಒಂದೇ ಸಾಧನ ಬೀಳಬಹುದು. ಆದ್ದರಿಂದ ನಿಮ್ಮ ಮುಂದಿನ ಎಲೆಕ್ಟ್ರಿಷಿಯನ್ ಹೀಗೆ ಹುಡುಕಬೇಕು. ಮಳೆ ಸುರಿಯುತ್ತಿರುವ ದಿನವೇ ಬರಲಿ. ಮೆಯಿನ್ ಆಫ್ ಮಾಡಿ ಎಲ್ಲ ಸರ್ಕ್ಯೂಟುಗಳ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಡಿ.ಬಿ.ಯಲ್ಲಿ ಕಳಚಿ, ಒಂದೊಂದನ್ನೇ ಮೆಗ್ಗರಿನಿಂದ ಅಳೆಯಲಿ. ಎಂಸಿಬಿಗಳನ್ನು ಮಾತ್ರ ಕೆಳಗಿಳಿಸಿ ನೋಡಿದರೆ ಸಾಲದು. ಒಂದೇ ಧ್ರುವದ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ವೈರು ಒದ್ದೆ ಗೋಡೆಯಲ್ಲಿ ಅರ್ತಿಗೆ ತಾಗಿದ್ದರೆ ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ಬೀಳುತ್ತದೆ. ಇದು ತಿಳಿಯದೆ ‘ಎಲ್ಲ ಆಫ್ ಮಾಡಿದರೂ ಬೀಳುತ್ತಿದೆ, ಆದ್ದರಿಂದ ಆರ್‌ಸಿಸಿಬಿಯೇ ಕೆಟ್ಟಿದೆ’ ಎಂಬ ತೀರ್ಮಾನಕ್ಕೆ ಬರುವವರು ಬಹಳ.

ಮನೆಯಲ್ಲಿ ಇನ್ವರ್ಟರ್ ಇದೆಯೇ? ನಿಮ್ಮ ಕಡೆ ಇಲ್ಲದ ಮನೆಯೇ ಅಪರೂಪ. ಇನ್ವರ್ಟರಿನಿಂದ ಫೇಸ್ ಮಾತ್ರ ಬೇರೆ ಎಳೆದು, ನ್ಯೂಟ್ರಲ್ಲನ್ನು ಹಳೆಯ ಲೈನಿನದನ್ನೇ ಹಂಚಿಕೊಂಡಿದ್ದರೆ ಒಂದು ದಾರಿಯಲ್ಲಿ ಹೋದ ಕರೆಂಟ್ ಇನ್ನೊಂದು ದಾರಿಯಲ್ಲಿ ಹಿಂತಿರುಗುತ್ತದೆ. ಆರ್‌ಸಿಸಿಬಿಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಇನ್ವರ್ಟರಿನ ಪಾಯಿಂಟುಗಳಿಗೆ ನ್ಯೂಟ್ರಲ್ ಪೂರ್ತಿ ಪ್ರತ್ಯೇಕವಾಗಿರಬೇಕು.

ಹುಡುಕಿ ಸರಿಪಡಿಸಿದ ಮೇಲೆ, ಹೊರಗಿನ ದೀಪ ಮತ್ತು ಕೊಟ್ಟಿಗೆಗೆ ಒಂದು, ಬಚ್ಚಲಿಗೆ ಒಂದು, ಒಳಮನೆಗೆ ಒಂದು ಎಂದು ಪ್ರತ್ಯೇಕ ಆರ್‌ಸಿಬಿಒ ಹಾಕಿಸಿ. ಇದರಲ್ಲಿ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಸೇರಿರುತ್ತವೆ. ಬೆಲೆ ಹೆಚ್ಚು, ಆದರೆ ಕೊಟ್ಟಿಗೆಯ ಬಲ್ಬಿನಲ್ಲಿ ನೀರು ಸೇರಿದರೆ ದೇವರ ಮನೆಯ ದೀಪ ಆರುವುದಿಲ್ಲ. ಏಪ್ರಿಲ್-ಮೇ ತಿಂಗಳಿನ ಸಿಡಿಲಿಗೆ ನಿಮ್ಮ ಭಾಗದಲ್ಲಿ ಟಿ.ವಿ., ಮೋಡೆಮ್ ಸುಡುವುದು ಹೊಸದಲ್ಲವಾದ್ದರಿಂದ ಡಿ.ಬಿ.ಯಲ್ಲಿ ಸರ್ಜ್ ರಕ್ಷಕವನ್ನೂ ಕೂರಿಸಬಹುದು. ಮುಚ್ಚಿಗೆಯ ಮೇಲಿನ ಹಳೆಯ ವೈರನ್ನು ಈ ಬೇಸಿಗೆಗೆ ಬದಲಿಸಿ. ಹಲಗೆಯ ಮೇಲೆ ಬಿಡಿ ವೈರು ಓಡಬಾರದು, ಪೈಪಿನೊಳಗೇ ಹೋಗಬೇಕು. ಜೋಡಣೆಗಳೆಲ್ಲ ಮುಚ್ಚಳವಿರುವ ಬಾಕ್ಸಿನಲ್ಲಿರಲಿ. ಇಲಿಗಳಿಗೆ ವೈರಿನ ಹೊದಿಕೆಯ ಮೇಲೆ ಇರುವ ಪ್ರೀತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಮನೆಯ ವೈರಿಂಗ್ ಬದಲಿಸಲು ಒಬ್ಬರು ಪಾಯಿಂಟ್ ಲೆಕ್ಕದಲ್ಲಿ, ಇನ್ನೊಬ್ಬರು ದಿನಗೂಲಿಯಲ್ಲಿ, ಮತ್ತೊಬ್ಬರು ಸಾಮಾನು ಸಹಿತ ಒಟ್ಟು ಗುತ್ತಿಗೆಯಲ್ಲಿ ಮಾಡುವುದಾಗಿ ಹೇಳಿದ್ದಾರೆ. ಯಾವುದು ಲಾಭ?
— ಮಾಳಮಡ್ಡಿ, ಧಾರವಾಡ

ಉತ್ತರ: ಸಾಮಾನು ನೀವೇ ತಂದುಕೊಟ್ಟು ಕೂಲಿಯನ್ನು ಪಾಯಿಂಟ್ ಲೆಕ್ಕದಲ್ಲಿ ಕೊಡುವುದು ಹಳೆಯ ಮನೆಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಒಟ್ಟು ಗುತ್ತಿಗೆಯಲ್ಲಿ ಗುತ್ತಿಗೆದಾರ ಉಳಿಸಿಕೊಳ್ಳುವುದು ಕಣ್ಣಿಗೆ ಕಾಣದ ಕಡೆ, ಅಂದರೆ ವೈರಿನ ದಪ್ಪದಲ್ಲಿ ಮತ್ತು ಅರ್ತ್ ಗುಂಡಿಯ ಆಳದಲ್ಲಿ. ದಿನಗೂಲಿಯಲ್ಲಿ ಕೆಲಸ ನಿಧಾನವಾಗುತ್ತದೆ ಎಂಬ ದೂರಿದೆ. ಆದರೆ ಗೋಡೆ ಒಡೆದ ಮೇಲೆ ಏನು ಸಿಗುತ್ತದೋ ಹೇಳಲಾಗದ ಬಹಳ ಹಳೆಯ ಕಲ್ಲುಮಣ್ಣಿನ ಗೋಡೆಯ ಮನೆಗಳಲ್ಲಿ ಅದೇ ನ್ಯಾಯವಾದದ್ದು.

ಪಾಯಿಂಟ್ ಲೆಕ್ಕಕ್ಕೆ ಒಪ್ಪುವ ಮೊದಲು ಪಾಯಿಂಟ್ ಎಂದರೆ ಏನೇನು ಎಂಬುದನ್ನು ಕಾಗದದಲ್ಲಿ ಬರೆಸಿ. ಗೋಡೆ ಕೊರೆಯುವುದು, ಪೈಪು ಮತ್ತು ಬಾಕ್ಸ್ ಕೂರಿಸುವುದು, ವೈರ್ ಎಳೆಯುವುದು, ಸ್ವಿಚ್ ಜೋಡಿಸುವುದು ಒಳಗೊಂಡಿದೆಯೇ? ಕೊರೆದ ಗೋಡೆಗೆ ಸಿಮೆಂಟ್ ಮೆತ್ತುವುದು ಅವರದೋ ಗೌಂಡಿಯದೋ? ಎರಡು ಕಡೆ ಸ್ವಿಚ್ ಇರುವ ಮೆಟ್ಟಿಲ ದೀಪ ಒಂದು ಪಾಯಿಂಟೋ ಎರಡೋ? ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ. ಡಿ.ಬಿ. ಜೋಡಣೆ, ಮೆಯಿನ್ ಕೇಬಲ್, ಅರ್ಥಿಂಗ್ ಈ ಮೂರಕ್ಕೂ ಬೇರೆ ದರ ಇರುವುದು ವಾಡಿಕೆ. ಹಣವನ್ನು ಪೈಪು ಹಾಕಿದಾಗ, ವೈರ್ ಎಳೆದಾಗ, ಪೂರ್ತಿಯಾದಾಗ ಎಂದು ಹಂತಹಂತವಾಗಿ ಕೊಡಿ. ಕೊನೆಯ ಕಂತನ್ನು ಪರೀಕ್ಷಾ ವರದಿ ಕೈಗೆ ಬಂದ ಮೇಲೆ ಕೊಡಿ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ.

ಪ್ರಶ್ನೆ: ನಾವು ಹಳೆಯ ಮನೆಯಲ್ಲಿ ಬಾಡಿಗೆಗಿದ್ದೇವೆ. ಗೀಸರ್ ಹಾಕಿದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಓನರ್ ಅವರಿಗೆ ಹೇಳಿದರೆ, ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ ಎನ್ನುತ್ತಾರೆ.
— ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಇಂದಿನಿಂದಲೇ ಆ ಗೀಸರ್ ಬಳಸುವುದನ್ನು ನಿಲ್ಲಿಸಿ, ಅದರ ಸ್ವಿಚ್ಚಿಗೆ ಟೇಪ್ ಅಂಟಿಸಿ. ಗೀಸರಿನ ಕಾಯಿಲಿನ ಹೊರಕವಚ ಬಿರುಕುಬಿಟ್ಟು ನೀರಿಗೆ ಕರೆಂಟ್ ಸೇರುತ್ತಿರಬೇಕು. ಜತೆಗೆ ಆ ಪ್ಲಗ್ಗಿನ ಅರ್ತ್ ಸಂಪರ್ಕ ಎಲ್ಲೋ ಕಡಿದಿರಬೇಕು. ಅರ್ತ್ ಸರಿಯಿದ್ದಿದ್ದರೆ ಕೈಗೆ ಇಷ್ಟು ತಾಗುತ್ತಿರಲಿಲ್ಲ. ಇಂದು ಜುಮ್ಮೆಂದದ್ದು ಬಿರುಕು ದೊಡ್ಡದಾದ ದಿನ ಜೀವಕ್ಕೇ ಕುತ್ತು ತರಬಹುದು, ಒದ್ದೆ ಮೈಗೆ ಚಪ್ಪಲಿ ರಕ್ಷಣೆಯಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ, ಅವರು ಬರೆದುಕೊಟ್ಟ ಚೀಟಿಯ ಫೋಟೋವನ್ನು ಓನರಿಗೆ ಸಂದೇಶದಲ್ಲಿ ಕಳುಹಿಸಿ. ಬಾಯಿಮಾತಿಗೆ ಜಗ್ಗದವರು ಬರಹಕ್ಕೆ ಜಗ್ಗುತ್ತಾರೆ. ಕಾಯಿಲ್ ಬದಲಿಸುವುದು ದೊಡ್ಡ ಖರ್ಚಲ್ಲ. ಅರ್ತ್ ಸರಿಪಡಿಸಿ ಆ ಲೈನಿಗೆ ಆರ್‌ಸಿಬಿಒ ಹಾಕಿಸುವವರೆಗೆ ನೀರನ್ನು ಒಲೆಯ ಮೇಲೆಯೇ ಕಾಯಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಮುರಕಲ್ಲಿನ ಗುಡ್ಡದ ಮೇಲಿನ ಮನೆ. ಹಿಂದಿನವರು ಅರ್ತ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಈಗ ಬಂದ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟಿನ ಬಲ್ಬ್ ಹಚ್ಚಿ, ಚೆನ್ನಾಗಿ ಉರಿಯಿತು, ಅರ್ಥಿಂಗ್ ಉತ್ತಮವಾಗಿದೆ ಎಂದರು. ಹೊಸ ಗುಂಡಿ ಬೇಕೇ?
— ಪುತ್ತೂರು, ದಕ್ಷಿಣ ಕನ್ನಡ

ಉತ್ತರ: ಬೇಕು. ಆ ಪೈಪಿನ ನಡುವೆ ಯಾರಾದರೂ ಒಂದು ತುಂಡು ಪ್ಲಾಸ್ಟಿಕ್ ಪೈಪು ಜೋಡಿಸಿದ ದಿನ ನಿಮ್ಮ ಅರ್ತ್ ಹೋಯಿತು; ಅದಕ್ಕಿಂತ ಕೆಟ್ಟದ್ದೆಂದರೆ ಮನೆಯ ಯಾವುದೋ ಉಪಕರಣ ಕೆಟ್ಟಾಗ ಎಲ್ಲ ನಲ್ಲಿಗಳಿಗೂ ಕರೆಂಟ್ ಹರಿಯುತ್ತದೆ.

ಬಲ್ಬಿನ ಪರೀಕ್ಷೆ ನಮ್ಮಲ್ಲಿ ಎಷ್ಟು ಹಳೆಯದೋ ಅಷ್ಟೇ ದಾರಿ ತಪ್ಪಿಸುವಂಥದ್ದು. ಉರಿಯುತ್ತಿರುವ 100 ವ್ಯಾಟಿನ ಬಲ್ಬಿನ ತಡೆ ಸುಮಾರು 530 ಓಮ್. ಅರ್ತಿನ ತಡೆ 50 ಓಮಿನಷ್ಟು ಕೆಟ್ಟದಾಗಿದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ. ಆ ಬೆಳಕಿಗೂ 230ರ ಬೆಳಕಿಗೂ ಇರುವ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಪರೀಕ್ಷೆ ನಡೆಯುವಾಗ ಅರ್ತಿಗೆ ಸೇರಿದ ಲೋಹಗಳಿಗೆಲ್ಲ ಸ್ವಲ್ಪ ಒತ್ತಡ ಏರುತ್ತದೆ ಎಂಬುದು ಬೇರೆ. ನೆಲಕ್ಕೆ ಎರಡು ಸಣ್ಣ ಸಲಾಕೆ ಚುಚ್ಚಿ ಅಳೆಯುವ ಅರ್ತ್ ಟೆಸ್ಟರ್ ಇರುವವರನ್ನು ಕರೆಸಿ.

ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ಅಂಕಿ ತೋರಿಸಿ ಬೇಸಿಗೆಯಲ್ಲಿ ಕೈಕೊಡುತ್ತದೆ. ಗೋಡೆಯಿಂದ ಒಂದೂವರೆ ಮೀಟರಾದರೂ ದೂರದಲ್ಲಿ, ಬಚ್ಚಲ ನೀರು ಹರಿಯುವ ಅಥವಾ ತೆಂಗಿನ ಬುಡದಂಥ ತಂಪಿನ ಜಾಗದಲ್ಲಿ ಎರಡೂವರೆ ಮೀಟರಿನ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿಸಿ, ನೀರು ಹೊಯ್ಯಲು ಬಾಯಿ ಬಿಡಿಸುವುದು ಹಳೆಯ ಕ್ರಮ. ಉಪ್ಪು ಪೈಪನ್ನು ನಿಧಾನವಾಗಿ ತಿನ್ನುವುದರಿಂದ ಈಗ ಬೆಂಟೊನೈಟ್ ಮುಂತಾದ ಮಿಶ್ರಣ ತುಂಬುವ ಅರ್ಥಿಂಗನ್ನೂ ಹಾಕುತ್ತಾರೆ. ಬಂಡೆ ಸಿಕ್ಕಿ ಆಳಕ್ಕೆ ಹೋಗಲಾಗದಿದ್ದರೆ ಎರಡನೆಯ ಗುಂಡಿ ತೋಡಿ ಎರಡನ್ನೂ ಜೋಡಿಸಿ, ನಡುವಿನ ಅಂತರ ಪೈಪಿನ ಉದ್ದಕ್ಕಿಂತ ಕಡಿಮೆಯಿರಬಾರದು. ಇಷ್ಟೆಲ್ಲ ಮಾಡಿಯೂ ಬೇಸಿಗೆಯಲ್ಲಿ 20-30 ಓಮ್ ಬಂದರೆ ಹತಾಶರಾಗಬೇಡಿ. 30 ಓಮ್ ತಡೆಯಿದ್ದರೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುವ ಹೊತ್ತಿಗೆ ಉಪಕರಣದ ಮೈಮೇಲಿನ ಒತ್ತಡ ಒಂದು ವೋಲ್ಟನ್ನೂ ಮುಟ್ಟಿರುವುದಿಲ್ಲ. ಹಾಗಾಗಿ ನಿಮ್ಮಂಥ ನೆಲದಲ್ಲಿ ಎಂಸಿಬಿ ಮಾತ್ರ ಇರುವ ಡಿ.ಬಿ.ಯನ್ನು ಒಪ್ಪಲೇಬೇಡಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುತ್ತದೆಯೇ ನೋಡಿ. ಅರ್ತಿನ ಅಳತೆಯನ್ನು ನೆಲ ಪೂರ್ತಿ ಒಣಗಿರುವ ಏಪ್ರಿಲ್ ಕೊನೆಯಲ್ಲಿ ಮಾಡಿಸಿ, ಅಂಕಿ ಮತ್ತು ದಿನಾಂಕವನ್ನು ಡಿ.ಬಿ.ಯ ಮುಚ್ಚಳದ ಒಳಬದಿಯಲ್ಲಿ ಬರೆಸಿಡಿ.